ಬಿಸಿಲಿಗೆ ಟೋಪಿ ಹಾಕಿದ ತಾರಸಿ: ಒಂದು ರಿಪೇರಿ ದಾಖಲೆ

ಮೇಲಿನ ಮಹಡಿಯ ಕೋಣೆ. 6 ಮೀಟರ್ ಉದ್ದ, 4.5 ಮೀಟರ್ ಅಗಲ. ತಲೆಯ ಮೇಲೆ 150 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿ. ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ. ಒಂದೂವರೆ ಟನ್ ಎಸಿ ಇದೆ, ಆದರೆ ಬೇಸಿಗೆಯಲ್ಲಿ 20 ಡಿಗ್ರಿಗೆ ಇಟ್ಟರೂ ಸಂಜೆ ಹೊತ್ತಿಗೆ ಒಳಗೆ ಕೂತವರು ಬೆವರುತ್ತಾರೆ. ಚಳಿಗಾಲದ ಬೆಳಗ್ಗೆ ಅದೇ ಕೋಣೆ ಗಡಗಡ ನಡುಗಿಸುತ್ತದೆ. ನೋಡಿದವರೆಲ್ಲ ಹೇಳಿದ ಮದ್ದು ಒಂದೇ: ಎರಡು ಟನ್ ಎಸಿ ಹಾಕಿಸಿ, ಚಳಿಗೊಂದು ಹೀಟರ್ ಇಟ್ಕೊಳ್ಳಿ.

ಎಸಿ ಬದಲಾಯಿಸುವುದು ಹೇಗಿದ್ದರೂ ಇತ್ತು, ಹಳೆಯದು ಮುದಿಯಾಗಿತ್ತು. ಆದರೆ ದೊಡ್ಡದು ತರುವ ಮುಂಚೆ, ಬಿಸಿ ಎಲ್ಲಿಂದ ಬರ್ತಿದೆ ಅಂತ ನೋಡಬೇಕಲ್ವಾ?

ಮೊದಲು ಅಳತೆ

ಕೈಯಲ್ಲಿದ್ದ ಸಲಕರಣೆ ಮೂರು. ಗನ್ ಥರಾ ಹಿಡಿದು ಗುರಿಯಿಡುವ ಇನ್‌ಫ್ರಾರೆಡ್ ಥರ್ಮಾಮೀಟರ್, ತಾಪಮಾನ ಮತ್ತು ತೇವಾಂಶ ಬರೆದಿಡುವ ಲಾಗರ್, ಎಸಿ ಪ್ಲಗ್ಗಿಗೆ ಸಿಗಿಸುವ ಎನರ್ಜಿ ಮೀಟರ್.

ಇನ್‌ಫ್ರಾರೆಡ್ ಗನ್ ಬಗ್ಗೆ ಒಂದು ಮಾತು. ಅದು ಗಾಳಿಯ ಬಿಸಿ ತೋರಿಸುವುದಿಲ್ಲ, ಎದುರಿಗಿರುವ ವಸ್ತುವಿನ ಮೇಲ್ಮೈಯ ಬಿಸಿ ತೋರಿಸುತ್ತದೆ. ಗೋಡೆ, ಬಣ್ಣ, ಮರ, ಕಾಂಕ್ರೀಟ್ ಇವಕ್ಕೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಹೊಳೆಯುವ ಅಲ್ಯೂಮಿನಿಯಂ ಚೌಕಟ್ಟಿಗೆ ಹಿಡಿದರೆ ಸುಳ್ಳು ಹೇಳುತ್ತದೆ, ಏಕೆಂದರೆ ಅದರಲ್ಲಿ ಕಾಣುವುದು ಎದುರಿನ ಗೋಡೆಯ ಪ್ರತಿಬಿಂಬ. ಉಪಾಯ ಸುಲಭ. ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪ್ ಒಂದು ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪಿನ ಮೇಲೆ ಗುರಿಯಿಡಿ.

ಬಿರುಬೇಸಿಗೆಯ ಒಂದು ಸಂಜೆ, ಎಸಿ ಜೋರಾಗಿ ಓಡುತ್ತಿರುವಾಗ ಕಂಡದ್ದು ಇದು. ಗಾಳಿ 27 ಡಿಗ್ರಿ. ಒಳಗೋಡೆ 30ರ ಆಸುಪಾಸು. ಪಶ್ಚಿಮದ ಗಾಜು 38. ತಾರಸಿಯ ಒಳಮೈ, ಅಂದರೆ ತಲೆಯ ಮೇಲಿನ ಸೂರು, 41. ಹೊತ್ತು ಮುಳುಗಿ ಎಷ್ಟೋ ಹೊತ್ತಾದ ಮೇಲೂ ಅದು 38ರ ಕೆಳಗೆ ಇಳಿಯಲಿಲ್ಲ.

ಅಲ್ಲಿಗೆ ಅರ್ಧ ಒಗಟು ಬಿಡಿಸಿದಂತಾಯಿತು. ನಮ್ಮ ಮೈಗೆ ಸೆಕೆ ಅನ್ನಿಸುವುದು ಗಾಳಿಯಿಂದ ಮಾತ್ರ ಅಲ್ಲ, ಸುತ್ತಲಿನ ಗೋಡೆ, ಗಾಜು, ಸೂರು ಬೀರುವ ಬಿಸಿಯಿಂದಲೂ ಹೌದು. ಗಾಳಿ ನಿಧಾನವಾಗಿರುವ ಕೋಣೆಯಲ್ಲಿ ಎರಡರ ಸರಾಸರಿ ಹಿಡಿದರೆ ಹೆಚ್ಚುಕಡಿಮೆ ಸರಿ. ಗಾಳಿ 26 ಇದ್ದು ಸುತ್ತಲಿನ ಮೇಲ್ಮೈಗಳ ಸರಾಸರಿ 33 ಇದ್ದರೆ, ಮೈಗೆ ತಾಗುವುದು 29.5. ಅದಕ್ಕೇ ಜನ ರಿಮೋಟ್ ಒತ್ತಿ ಒತ್ತಿ 20ಕ್ಕೆ ಇಳಿಸುತ್ತಾರೆ. ಎಸಿ ಗಾಳಿಯನ್ನು ತಣ್ಣಗೆ ಮಾಡುತ್ತಲೇ ಇದೆ, ಸೂರು ಹೀಟರ್ ಆಗಿ ಕೂತಿದೆ.

ಲೆಕ್ಕ

ಕಾಗದದ ಮೇಲೆ ಹಾಕಿದ್ದು ಸುಮ್ನೆ ಒಂದು ಅಂದಾಜು. 150 ಮಿಲಿಮೀಟರ್ ಬರಿಯ ಕಾಂಕ್ರೀಟ್ ತಾರಸಿಯ ಯು-ಮೌಲ್ಯ ಸುಮಾರು 3.3. ಅಂದರೆ ಎರಡು ಕಡೆಗೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಪ್ರತಿ ಚದರ ಮೀಟರಿನಿಂದ 3.3 ವ್ಯಾಟ್ ಬಿಸಿ ದಾಟುತ್ತದೆ. ಮಧ್ಯಾಹ್ನ ಗಾಳಿ 35 ಡಿಗ್ರಿ ಇದ್ದರೂ ಬಿಸಿಲು ಕುಡಿದ ಕಪ್ಪುಬೂದು ತಾರಸಿ 60ರ ಹತ್ತಿರ ಇರುತ್ತದೆ. ಒಳಗೆ 28 ಅನ್ನಿ. ವ್ಯತ್ಯಾಸ 32. ತಾರಸಿ 27 ಚದರ ಮೀಟರ್. ಗುಣಿಸಿದರೆ 2,850 ವ್ಯಾಟ್. ಒಂದು ಟನ್ ಎಸಿ ಎಂದರೆ 3,517 ವ್ಯಾಟ್ ಬಿಸಿ ಹೊರಹಾಕುವ ಶಕ್ತಿ. ಹಾಗಾದರೆ ಮುಕ್ಕಾಲು ಟನ್‌ಗಿಂತ ಜಾಸ್ತಿ ತಾರಸಿಗೇ ಹೋಯಿತು!

ನಿಜದಲ್ಲಿ ಈ ಬಿಸಿ ಮಧ್ಯಾಹ್ನವೇ ಪೂರ್ತಿ ಒಳಗೆ ಬರುವುದಿಲ್ಲ. ಕಾಂಕ್ರೀಟ್ ಅದನ್ನು ಹಿಡಿದಿಟ್ಟುಕೊಂಡು ಸಂಜೆ, ರಾತ್ರಿ ಬಿಡುತ್ತದೆ. ಎಷ್ಟು ಹಿಡಿದಿಡುತ್ತದೆ? ಈ ತಾರಸಿಯ ತೂಕ ಸುಮಾರು 9,700 ಕಿಲೋ. ಅದನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು 2.4 ಕಿಲೋವ್ಯಾಟ್-ಗಂಟೆ ಬೇಕು. ತಾರಸಿ 30ರ ಬದಲು 40ರಲ್ಲಿ ಕೂತಿದ್ದರೆ 24 ಕಿಲೋವ್ಯಾಟ್-ಗಂಟೆ ಬಿಸಿ ತಲೆ ಮೇಲೆ ಗಂಟು ಕಟ್ಟಿಕೊಂಡಿದೆ ಎಂದಾಯಿತು. ಅದರಲ್ಲಿ ಒಂದು ಪಾಲು ರಾತ್ರಿ ಆಕಾಶಕ್ಕೆ ಹೋಗುತ್ತದೆ, ಉಳಿದ ಪಾಲು ಕೋಣೆಗೆ. ಒಂದೂವರೆ ಟನ್ ಎಸಿ ರಾತ್ರಿಯಿಡೀ ಗುದ್ದಾಡುತ್ತಿದ್ದದ್ದು ಇದರ ಜೊತೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಎಸಿ ಎಷ್ಟು ಟನ್ ಎಂಬುದಲ್ಲ. ಇಷ್ಟು ಭಾರದ ಕಾಂಕ್ರೀಟ್ ಯಾರ ಕಡೆ ಇರಬೇಕು, ಬಿಸಿಲಿನ ಕಡೆಯೋ ನಮ್ಮ ಕಡೆಯೋ? ಇನ್ಸುಲೇಷನ್ (ಬಿಸಿ ದಾಟದಂತೆ ತಡೆಯುವ ಪದರ) ಒಳಗೆ, ಸೂರಿನ ಕೆಳಗೆ ಹಾಕಿದರೆ ಕಾಂಕ್ರೀಟ್ ಬಿಸಿಲಿನ ಪಾಲಾಗುತ್ತದೆ. ಹೊರಗೆ, ತಾರಸಿಯ ಮೇಲೆ ಹಾಕಿದರೆ ನಮ್ಮ ಪಾಲಿಗೆ ಬರುತ್ತದೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಳಸುವ ಕೋಣೆಗೆ ಫಾಲ್ಸ್ ಸೀಲಿಂಗ್ ಮೇಲೆ ಇನ್ಸುಲೇಷನ್ ಇಡುವುದೇ ಒಳ್ಳೆಯದು, ಬೇಗ ತಣ್ಣಗಾಗುತ್ತದೆ. ಇಲ್ಲಿ ಹಗಲು ರಾತ್ರಿ ಜನ ಇರುತ್ತಾರೆ. ಮೇಲೆಯೇ ಹಾಕುವುದು ಎಂದು ತೀರ್ಮಾನವಾಯಿತು.

ಬಿಳಿ ಬಣ್ಣ ಒಂದೇ ಸಾಕಲ್ವಾ?

ಇದನ್ನು ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಒಳ್ಳೆಯ ಬಿಳಿ ಲೇಪ ಹಚ್ಚಿದರೆ ತಾರಸಿ 60ರ ಬದಲು 45ರ ಆಸುಪಾಸಿಗೆ ಬರುತ್ತದೆ. ಮೇಲಿನ ಲೆಕ್ಕದಲ್ಲೇ ಹಾಕಿದರೆ 2,850 ವ್ಯಾಟ್ ಇದ್ದದ್ದು 1,500ಕ್ಕೆ ಇಳಿಯುತ್ತದೆ. ಅರ್ಧ ಕೆಲಸ ಒಂದು ಬ್ರಷ್‌ನಿಂದ ಆಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇದನ್ನೇ ಮೊದಲು ಮಾಡಿ.

ಡಬ್ಬದ ಮೇಲೆ ಎಸ್‌ಆರ್‌ಐ ಎಂಬ ಸಂಖ್ಯೆ ಇರುತ್ತದೆ. ಮಾನದಂಡದ ಕಪ್ಪು ಮೈಗೆ 0, ಮಾನದಂಡದ ಬಿಳಿಗೆ 100. ಇದರಲ್ಲಿ ಬಿಸಿಲನ್ನು ವಾಪಸ್ ಎಸೆಯುವ ಗುಣ ಮತ್ತು ಒಳಗೆ ಬಂದ ಬಿಸಿಯನ್ನು ಆಕಾಶಕ್ಕೆ ಬೀರುವ ಗುಣ, ಎರಡೂ ಸೇರಿರುತ್ತವೆ. ಎರಡನೆಯದನ್ನು ಜನ ಮರೆಯುತ್ತಾರೆ. ಅಲ್ಯೂಮಿನಿಯಂ ಬಣ್ಣ ಬೆಳ್ಳಗೆ ಮಿನುಗಿದರೂ ಬಿಸಿಯನ್ನು ಬೀರುವುದರಲ್ಲಿ ಜಿಪುಣ. ಹಾಗಾಗಿ ಸಾದಾ ಬಿಳಿಯಷ್ಟು ತಂಪಾಗಿ ಇರುವುದಿಲ್ಲ. ಇನ್ನೊಂದು ವಿಷಯ ಧೂಳು. ಬಿಳಿ ತಾರಸಿಯನ್ನು ತೊಳೆಯದೆ ಬಿಟ್ಟರೆ ಬರಬರುತ್ತಾ ಬೂದು ತಾರಸಿ ಆಗುತ್ತದೆ.

ಬಿಳಿಗೆ ಇರುವ ದೊಡ್ಡ ಮಿತಿ ಚಳಿಗಾಲ. ಹೊರಗೆ 12, ಒಳಗೆ 22 ಇರುವ ರಾತ್ರಿ ಬರಿಯ ತಾರಸಿಯಿಂದ 900 ವ್ಯಾಟ್ ಹತ್ತಿರ ಸೋರಿಹೋಗುತ್ತದೆ. ಬಣ್ಣ ಅದನ್ನು ತಡೆಯುವುದಿಲ್ಲ. ಇನ್ಸುಲೇಷನ್ ಎರಡೂ ಕಾಲಕ್ಕೆ ಕೆಲಸ ಮಾಡುತ್ತದೆ. ಅದಕ್ಕೆ ಇಲ್ಲಿ ಎರಡೂ: ತಾರಸಿಯ ಮೇಲೆ ಇನ್ಸುಲೇಷನ್, ಅದರ ಮೇಲೆ ಬಿಳಿ.

ತಾರಸಿ ಕೆಲಸ

ಸೋರುವ ತಾರಸಿಯ ಮೇಲೆ ಏನು ಹಾಕಿದರೂ ವ್ಯರ್ಥ. ನೀರಿನ ಹೊರದಾರಿ ಮುಚ್ಚಿ, ತಾರಸಿ ತುಂಬ ನೀರು ಕಟ್ಟಿ, ಕೆಳಗೆ ಕಲೆ ಬರುತ್ತದಾ ಅಂತ ಕಾದೆವು. ಒಂದು ಮೂಲೆಯಲ್ಲಿ ಬಂತು. ಪಾಚಿ ಕೆರೆದು, ಬಿರುಕನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕೊರೆದು, ಧೂಳು ಊದಿ ತೆಗೆದು, ಪಾಲಿಯುರೆಥೇನ್ ಸೀಲೆಂಟ್ ತುಂಬಿದ್ದಾಯಿತು. ಅದರ ಮೇಲೆ ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಪದರ. ಪದರವನ್ನು ಪ್ಯಾರಪೆಟ್ ಗೋಡೆಯ ಮೇಲೆ ಒಂದು ಅಡಿ ಏರಿಸಿದೆವು. ಗೋಡೆಯೂ ತಾರಸಿಯೂ ಸೇರುವ ಮೂಲೆಯೇ ಯಾವಾಗಲೂ ಮೊದಲು ಬಾಯಿ ಬಿಡುವ ಜಾಗ.

ಇದರ ಮೇಲೆ 75 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ. ಮೇಸ್ತ್ರಿ ಒಂದು ತುಂಡನ್ನು ಕೈಲಿ ಎತ್ತಿ ತೂಗಿ ನೋಡಿದರು.

"ಏನ್ ಸಾರ್ ಇದು, ಥರ್ಮಾಕೋಲ್ ಹಾಕಿ ಅದರ ಮೇಲೆ ಜನ ಓಡಾಡಿದ್ರೆ ಕುಸಿಯಲ್ವಾ?"

ಒಂದು ತುಂಡು ನೆಲದ ಮೇಲಿಟ್ಟು ಹತ್ತಿ ನಿಲ್ಲಿ ಅಂದೆ. ಹತ್ತಿದರು, ಹಿಮ್ಮಡಿಯಲ್ಲಿ ಒತ್ತಿ ನೋಡಿದರು, ಕೆಳಗಿಳಿದು ಬಗ್ಗಿ ಗುರುತು ಹುಡುಕಿದರು. "ಗಟ್ಟಿ ಇದೆ ಬಿಡಿ" ಎಂದು ಮುಂದಿನ ಹಲಗೆ ಎತ್ತಿಕೊಂಡರು. ಮಣಿಮಣಿಯಾಗಿ ಉದುರುವ ಬಿಳಿ ಥರ್ಮಾಕೋಲ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಇದರ ಒಳಗಿನ ಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುತ್ತವೆ. ನೀರು ಕುಡಿಯುವುದು ತೀರಾ ಕಡಿಮೆ. ವಾಟರ್‌ಪ್ರೂಫಿಂಗ್ ಮೇಲೆ ಇಡುವ ಪದ್ಧತಿಗೆ ಇದೇ ಆಗಬೇಕು. ಹಲಗೆ ಮೇಲಿರುವುದರಿಂದ ಕೆಳಗಿನ ವಾಟರ್‌ಪ್ರೂಫಿಂಗ್ ಪದರಕ್ಕೆ ಬಿಸಿಲೇ ತಾಗುವುದಿಲ್ಲ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಕಾಟ ತಪ್ಪಿ, ಅದರ ಆಯುಷ್ಯವೂ ಜಾಸ್ತಿ.

ಹಲಗೆಯ ಅಂಚಿನಲ್ಲಿ ಮೆಟ್ಟಿಲಿನ ಹಾಗೆ ಕಟಿಂಗ್ ಇರುವುದನ್ನೇ ತರಿಸಿದ್ದೆವು. ಒಂದರ ತುಟಿ ಇನ್ನೊಂದರ ಮೇಲೆ ಕೂರುತ್ತದೆ, ಸಂದಿಯಲ್ಲಿ ಬಿಸಿ ನೇರ ಇಳಿಯುವುದಿಲ್ಲ. ಇಟ್ಟಿಗೆ ಕಟ್ಟುವಾಗ ಮಾಡುವಂತೆ ಸಂದಿಗೆ ಸಂದಿ ಕೂಡದ ಹಾಗೆ ಜೋಡಿಸಿದೆವು. ಮೇಲೆ ಜಿಯೋಟೆಕ್ಸ್‌ಟೈಲ್ ಎಂಬ ನೀರು ಇಳಿಯಬಿಡುವ ಬಟ್ಟೆ, ಅದರ ಮೇಲೆ ಜಾಲರಿ ಹಾಕಿದ 40 ಮಿಲಿಮೀಟರ್ ಸಿಮೆಂಟ್ ಪದರ, ನೀರಿನ ಹೊರದಾರಿಯ ಕಡೆ 100ಕ್ಕೆ 1ರ ಇಳಿಜಾರು. ಕೊನೆಗೆ ಒಡೆದ ಬಿಳಿ ಟೈಲ್ಸ್ ಚೂರು.

ಇದನ್ನು ಓದಿ ಯಾರಾದರೂ ಮಾಡಲು ಹೊರಟರೆ ಒಂದು ಎಚ್ಚರಿಕೆ. ಹಲಗೆಯ ತೂಕ ಲೆಕ್ಕಕ್ಕಿಲ್ಲ, ಆದರೆ 40 ಮಿಲಿಮೀಟರ್ ಸಿಮೆಂಟ್ ಪದರ ಎಂದರೆ ಚದರ ಮೀಟರಿಗೆ ಸುಮಾರು 90 ಕಿಲೋ. ತಾರಸಿ ಅದನ್ನು ಹೊರುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಬೇಕು. ನಾವು ತೋರಿಸಿದ ಮೇಲೆಯೇ ಮುಂದುವರಿದದ್ದು.

ಈಗ ಯು-ಮೌಲ್ಯ 3.3ರಿಂದ ಸುಮಾರು 0.4ಕ್ಕೆ ಬಂತು. ಬಿಳಿ ಮೈಯೂ ಸೇರಿ ಮಧ್ಯಾಹ್ನದ ಲೆಕ್ಕ 200 ವ್ಯಾಟ್ ಒಳಗೆ. ಚಳಿಗಾಲದ ರಾತ್ರಿಯ ಸೋರಿಕೆ 900ರಿಂದ 110ರ ಹತ್ತಿರಕ್ಕೆ. ಹಲಗೆ ಇನ್ನೊಂದು ಪದರ ಹಾಕಬಹುದಿತ್ತಲ್ಲ? ಹಾಕಿದರೆ ಮಧ್ಯಾಹ್ನ ಇನ್ನು 90 ವ್ಯಾಟ್ ಉಳಿಯುತ್ತಿತ್ತು, ಅಷ್ಟೇ. ಮೊದಲ ಪದರ ಮಾಡುವಷ್ಟು ಕೆಲಸ ಎರಡನೆಯದು ಮಾಡುವುದಿಲ್ಲ. ತೀರಾ ಚಳಿಯ ಊರಾದರೆ ಮಾತು ಬೇರೆ.

ಕಿಟಕಿ

ಪಶ್ಚಿಮದ ಕಿಟಕಿ 1.8 ಮೀಟರ್ ಅಗಲ, 1.2 ಮೀಟರ್ ಎತ್ತರ. ಸಾದಾ ಒಂಟಿ ಗಾಜು, ಬಿದ್ದ ಬಿಸಿಲಿನಲ್ಲಿ 80 ಶೇಕಡಾ ಒಳಗೆ ಬಿಡುತ್ತದೆ. ಸಂಜೆ ಬಿಸಿಲು ಎದೆಗೆ ಹೊಡೆಯುವಾಗ ಇದೊಂದರಿಂದಲೇ ಸಾವಿರ ವ್ಯಾಟ್. ಮೇಲೆ ಸಜ್ಜಾ ಇದೆ, ಪ್ರಯೋಜನ ಇಲ್ಲ. ಸಂಜೆ ಸೂರ್ಯ ಕೆಳಗಿರುತ್ತಾನೆ, ಸಜ್ಜಾದ ಅಡಿಯಿಂದಲೇ ನುಗ್ಗುತ್ತಾನೆ.

ಒಳಗೆ ದಪ್ಪ ಪರದೆ ಇತ್ತು. ಪರದೆ ಬೆಳಕು ತಡೆಯುತ್ತದೆ, ಬಿಸಿ ತಡೆಯುವುದು ಕಡಿಮೆ. ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತದೆ. ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು. ಹೊರಗಡೆ ಕೆಳಕ್ಕೆ ಇಳಿಸುವ ರೋಲರ್ ಪರದೆ ಹಾಕಿದೆವು, ಗಾಜಿಗೂ ಅದಕ್ಕೂ ನಡುವೆ ಗಾಳಿ ಆಡಲು ಒಂದು ಗೇಣು ಜಾಗ ಬಿಟ್ಟು. ಚಳಿಗಾಲದಲ್ಲಿ ಸುತ್ತಿ ಮೇಲೆತ್ತಿದರೆ ಅದೇ ಬಿಸಿಲು ಪುಕ್ಕಟೆ ಹೀಟರ್. ಕಪ್ಪು ಫಿಲ್ಮ್ ಅಂಟಿಸಿಬಿಟ್ಟರೆ ಈ ಲಾಭ ಹೋಗುತ್ತದೆ.

ಬಾಗಿಲು ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ. ಗಾಳಿ ಇರುವ ದಿನ ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನ ಆಡಿಸಿದರೆ, ಸೋರುವ ಕಡೆ ಹೊಗೆ ತಟ್ಟನೆ ಅಡ್ಡ ತಿರುಗುತ್ತದೆ. ಎಸಿ ಪೈಪ್ ಗೋಡೆ ದಾಟುವ ತೂತಿನಲ್ಲಿ ಹೊಗೆ ಸರ್ರನೆ ಎಳೆದುಕೊಂಡು ಹೋಯಿತು. ಇಷ್ಟು ವರ್ಷ ಯಾರೂ ಅದನ್ನು ಮುಚ್ಚಿರಲಿಲ್ಲ. ಸಂದಿ ಮುಚ್ಚಿದ ಮೇಲೆ ಉಸಿರಾಡಲು ಗಾಳಿ ಬೇಕಲ್ಲ, ಅದಕ್ಕೆ ಫಿಲ್ಟರ್ ಇರುವ ಸಣ್ಣ ಫ್ಯಾನ್ ಒಂದನ್ನು ಗೋಡೆಗೆ ಹಾಕಿದೆವು. ಕಾರ್ಬನ್ ಡೈಆಕ್ಸೈಡ್ ಮೀಟರ್ 1,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ದಾಟಿದರೆ ಅದು ಶುರುವಾಗುತ್ತದೆ.

ಈಗ ಯಂತ್ರ

ಹೊಸ ಲೆಕ್ಕದಲ್ಲಿ ತಾರಸಿ, ಕಿಟಕಿ, ಗೋಡೆ, ಹೊರಗಾಳಿ, ತಲಾ ನೂರು ವ್ಯಾಟ್ ಬಿಸಿ ಬೀರುವ ಜನ, ಕಂಪ್ಯೂಟರ್ ಎಲ್ಲ ಸೇರಿ ಎರಡು ಸಾವಿರ ವ್ಯಾಟ್ ಆಸುಪಾಸು. ಗಾಳಿಯ ತೇವ ತೆಗೆಯುವ ಹೊರೆ ಸೇರಿಸಿದರೂ ಒಂದು ಟನ್ ಇನ್ವರ್ಟರ್ ಎಸಿ, ಅಂದರೆ ಹೊರೆಗೆ ತಕ್ಕಂತೆ ವೇಗ ಬದಲಿಸುವ ಎಸಿ, ಧಾರಾಳ ಸಾಕು.

ಎಸಿ ದೊಡ್ಡದಿದ್ದರೆ ನಷ್ಟ ಏನು ಅನ್ನುವವರಿಗೆ: ದೊಡ್ಡ ಎಸಿ ಗಾಳಿಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ತೇವ ತೆಗೆಯಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕೋಣೆ ತಣ್ಣಗೆ, ಜಿಗುಟು ಜಿಗುಟು. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯಕ್ಕೆ ತನ್ನ ಯಂತ್ರವನ್ನು ರೂಪಿಸಿದ್ದೇ ತೇವ ಹತೋಟಿಗೆ, ಕಾಗದ ಹಿಗ್ಗಿ ಕುಗ್ಗಿ ಬಣ್ಣ ಆಚೀಚೆ ಆಗುತ್ತಿದ್ದದ್ದನ್ನು ತಡೆಯಲು. ಇವತ್ತು ಎಸಿ ಕೊಳ್ಳುವವರು ಅದನ್ನು ಬಿಟ್ಟು ಉಳಿದೆಲ್ಲ ಕೇಳುತ್ತಾರೆ.

ಆರಿಸಿದ್ದು ಬಿಸಿಯನ್ನೂ ಕೊಡುವ ಮಾದರಿ, ಅಂದರೆ ಹೀಟ್ ಪಂಪ್. ಕಾಯಿಲ್ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ಹೀಟ್ ಪಂಪ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಹೊತ್ತು ತರುತ್ತದೆ. ಹಾಗಾಗಿ ಹದವಾದ ಚಳಿಯಲ್ಲಿ ಒಂದಕ್ಕೆ ಮೂರು, ನಾಲ್ಕು ಯೂನಿಟ್ ಬಿಸಿ ಸಿಗುತ್ತದೆ. ಅದರ ಪೈಪಿನೊಳಗೆ ಸುತ್ತುತ್ತಾ ಬಿಸಿ ಹೊರುವ ಗ್ಯಾಸ್ ಆರ್-32. ಕಾರ್ಬನ್ ಡೈಆಕ್ಸೈಡಿಗೆ 1 ಎಂದು ಹಿಡಿದರೆ, ಭೂಮಿ ಕಾಯಿಸುವ ಶಕ್ತಿ ಹಳೆಯ ಯಂತ್ರದ ಆರ್-410ಎಗೆ 2,088, ಇದಕ್ಕೆ 675. 2016ರ ಕಿಗಾಲಿ ಒಪ್ಪಂದ ಕಡಿಮೆ ಮಾಡಲು ಹೊರಟಿರುವುದು ಇಂಥ ಗ್ಯಾಸುಗಳನ್ನೇ. ಹಳೆಯ ಎಸಿ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವಂತೆ ಮೊದಲೇ ಮಾತಾಡಿಕೊಳ್ಳಿ.

ಜೋಡಿಸುವ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಪೈಪ್ ಕೂಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎರಡನ್ನೂ ಎಳೆಯಬೇಕು. ಮೆಕ್ಯಾನಿಕ್ "ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿಬಿಡ್ತೀನಿ ಸಾರ್, ಎಲ್ಲಾ ಕಡೆ ಹಾಗೇ ಮಾಡೋದು" ಅಂದರು. ಬೇಡ, ಪಂಪ್ ಹಾಕಿ ಅಂದೆ. ಗೇಜಿನ ಮುಳ್ಳು ತಳ ಮುಟ್ಟಿದ್ದನ್ನು ನಂಬಬಾರದು, ಒಳಗೆ ಉಳಿದ ಒತ್ತಡವನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ 500ರ ಕೆಳಗೆ ತೋರಿಸಬೇಕು. ಆಮೇಲೆ ವಾಲ್ವ್ ಮುಚ್ಚಿ ಸುಮ್ನೆ ನೋಡುತ್ತಾ ಕೂರಬೇಕು. ಸಂಖ್ಯೆ ಏರುತ್ತಲೇ ಹೋದರೆ ಎಲ್ಲೋ ಲೀಕ್. ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ಇನ್ನೂ ತೇವ ಇದೆ ಎಂದರ್ಥ. ನಮ್ಮದು 900ಕ್ಕೆ ಬಂದು ನಿಂತಿತು. ಪಂಪ್ ಮತ್ತೆ ಓಡಿಸಿದ ಮೇಲೆ 500ರ ಕೆಳಗೇ ಉಳಿಯಿತು. ಅದಾದ ಮೇಲೆಯೇ ಗ್ಯಾಸ್ ಬಿಟ್ಟದ್ದು.

ಎರಡು ಪೈಪಿಗೂ ಬೇರೆಬೇರೆ ಇನ್ಸುಲೇಷನ್ ತೊಡಿಸಿ, ಹೊರಗಿನ ಭಾಗಕ್ಕೆ ಬಿಸಿಲು ತಡೆಯುವ ಟೇಪ್ ಸುತ್ತಿದೆವು. ಹೊರ ಯೂನಿಟ್ ಮೊದಲು ಮೂರು ಗೋಡೆಗಳ ಇಕ್ಕಟ್ಟಿನಲ್ಲಿ ಇತ್ತು, ತಾನು ಬಿಟ್ಟ ಬಿಸಿಗಾಳಿಯನ್ನೇ ತಾನು ಕುಡಿಯುತ್ತಿತ್ತು. ಅದನ್ನು ಬಯಲಿಗೆ ತಂದದ್ದಕ್ಕೆ ಖರ್ಚಾದದ್ದು ಎರಡು ಬ್ರಾಕೆಟ್ ಮಾತ್ರ.

ಸೀಲಿಂಗ್ ಫ್ಯಾನ್ ಬದಲಾಯಿಸಿ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟರಿನದು ಹಾಕಿದೆವು. ಹಳೆಯದು ಪೂರ್ತಿ ವೇಗದಲ್ಲಿ 70 ವ್ಯಾಟ್ ತಿನ್ನುತ್ತಿತ್ತು, ಹೊಸದು 30ರ ಆಸುಪಾಸು. ಮೈ ಮೇಲೆ ಗಾಳಿ ಆಡಿದರೆ ಎರಡು ಡಿಗ್ರಿ ಜಾಸ್ತಿ ಇದ್ದರೂ ಸೆಕೆ ಕಾಣುವುದಿಲ್ಲ, ಎಸಿಯನ್ನು 26, 27ಕ್ಕೆ ಇಡಬಹುದು. ಫ್ಯಾನ್ ತಂಪು ಮಾಡುವುದು ಮೈಯನ್ನು, ಕೋಣೆಯನ್ನಲ್ಲ. ಎದ್ದು ಹೋಗುವಾಗ ಆರಿಸಿ.

ರಾತ್ರಿ ಗಾಳಿ

ಕಾಂಕ್ರೀಟ್ ನಮ್ಮ ಕಡೆಗೆ ಬಂದದ್ದರ ಲಾಭ ಸಿಕ್ಕಿದ್ದು ಇಲ್ಲಿ. ರಾತ್ರಿ ಹೊರಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ಎದುರುಬದುರು ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಬೆಳಗ್ಗೆ ಬಿಸಿಲೇರುವ ಮುಂಚೆ ಮುಚ್ಚುವುದು. ತಾರಸಿ ಎರಡು ಡಿಗ್ರಿ ಇಳಿದರೆ ಮಾರನೆಯ ದಿನಕ್ಕೆ 4.8 ಕಿಲೋವ್ಯಾಟ್-ಗಂಟೆ ತಂಪು ಕೂಡಿಟ್ಟಂತೆ. ಒಂದು ಟನ್ ಎಸಿ ಪೂರ್ತಿ ದಮ್ಮಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಓಡಿದರೆ ಇಷ್ಟು. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ಮುಗಿದ ಈಸ್ಟ್‌ಗೇಟ್ ಸೆಂಟರ್ ಎಂಬ ದೊಡ್ಡ ಕಟ್ಟಡ ನಡೆಯುವುದೂ ಇದೇ ಲೆಕ್ಕದ ಮೇಲೆ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅದರ ಕಾಂಕ್ರೀಟನ್ನು ರಾತ್ರಿ ಗಾಳಿಯಿಂದ ತಣಿಸುವ ಹಾಗೆ ರೂಪಿಸಿದರು.

ಮಳೆಗಾಲದ ತೇವದ ರಾತ್ರಿಗಳಲ್ಲಿ ಮಾತ್ರ ಇದನ್ನು ಮಾಡಬೇಡಿ. ತಾಪಮಾನ ಕಡಿಮೆ ಇದ್ದರೂ ಒಳಗೆ ಬಂದ ತೇವವನ್ನೆಲ್ಲ ಹಗಲು ಎಸಿಯೇ ಹಿಂಡಿ ತೆಗೆಯಬೇಕಾಗುತ್ತದೆ. ಲಾಗರ್‌ನಲ್ಲಿ ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಲು ಶುರುವಾಗುವ ತಾಪಮಾನ) ನೋಡಿ ತೀರ್ಮಾನ ಮಾಡುತ್ತೇವೆ.

ಈಗಿನ ಸ್ಥಿತಿ

ಅಂಥದ್ದೇ ಬಿರುಬಿಸಿಲಿನ ಸಂಜೆ ಸೂರು 29, ಗಾಳಿ 27. ಎಸಿ ಕಡಿಮೆ ವೇಗದಲ್ಲಿ ಗುನುಗುತ್ತಿರುತ್ತದೆ, ಮೀಟರ್ 300 ವ್ಯಾಟ್ ಆಸುಪಾಸು ತೋರಿಸುತ್ತದೆ. ಹಳೆಯದು ಅದೇ ಹೊತ್ತಿನಲ್ಲಿ 1,600 ಎಳೆಯುತ್ತಿತ್ತು. ಚಳಿಗಾಲದಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ಬಿಸಿಗೆ ಹಾಕಿದರೆ ಸಾಕಾಗುತ್ತದೆ. ಆಗ ಎಸಿಯ ರೆಕ್ಕೆಯನ್ನು ಕೆಳಮುಖ ಮಾಡಬೇಕು, ಇಲ್ಲದಿದ್ದರೆ ಬಿಸಿಗಾಳಿ ಸೂರಿಗೆ ಅಂಟಿಕೊಂಡೇ ಇರುತ್ತದೆ.

ಬಾಕಿ ಉಳಿದಿರುವುದು ಅಂಚು. ಸಂಜೆ ಗನ್ ಹಿಡಿದು ಸೂರಿನ ಉದ್ದಕ್ಕೆ ಸರಿಸುತ್ತಾ ಹೋದರೆ ನಡುವೆಲ್ಲ 29, ಪ್ಯಾರಪೆಟ್ ಕಡೆಯ ಒಂದು ಅಡಿ ಪಟ್ಟಿಯಲ್ಲಿ ಮಾತ್ರ 32, 33. ಪ್ಯಾರಪೆಟ್ ಗೋಡೆ, ಸಜ್ಜಾ ಎರಡೂ ಕಾಂಕ್ರೀಟಿಗೇ ಅಂಟಿಕೊಂಡಿವೆ. ಹೊರಗೆ ಬಿಸಿಲು ಕುಡಿದು, ಹಲಗೆಯ ಅಡಿಯಿಂದ ಬಿಸಿಯನ್ನು ಒಳಗೆ ದಾಟಿಸುತ್ತಿವೆ. ಪ್ಯಾರಪೆಟ್ಟಿನ ಒಳಮೈ ಮತ್ತು ತಲೆಗೆ 50 ಮಿಲಿಮೀಟರ್ ಹಲಗೆ ಹೊದಿಸಿ ಮೇಲೆ ಬಿಳಿ ಗಾರೆ ಮಾಡಿಸುವುದು ಮುಂದಿನ ಕೆಲಸ. ಮಳೆಗೆ ಮುಂಚೆ ಆಗಬೇಕು, ಹಲಗೆ ತರಿಸಿ ಇಟ್ಟಾಗಿದೆ.